ಮಂತ್ರದ ಹಣ್ಣಿಗೆ ಸೊನ್ನೆ ಅಂಕ

ಶಿಡ್ಲಘಟ್ಟದ ಪಿಯು ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತಿದ್ದೆ ಎಂದರೆ ಅರ್ಧ ಸುಳ್ಳು. ಹೊಸ ಶತಮಾನದ ಆ ಮೊದಲ ವರ್ಷಗಳಲ್ಲಿ ನಮ್ಮಲ್ಲಿ ಕಲಿಸುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಗುವ ತೆಳ್ಳನೆಯ ಗೈಡು. ನಾನು ಅದನ್ನು ಗಟ್ಟಿಯಾಗಿ ಓದಬೇಕು, ಮಕ್ಕಳು ಬರೆದುಕೊಳ್ಳಬೇಕು, ಪರೀಕ್ಷೆಯಲ್ಲಿ ಹಾಗೇ ಕಕ್ಕಬೇಕು. ವ್ಯಾಖ್ಯೆ ಕೇಳಿದರೆ ಇಡೀ ತರಗತಿ ಒಂದೇ ರಾಗದಲ್ಲಿ ಒಪ್ಪಿಸುತ್ತಿತ್ತು, ಅರ್ಥ ಕೇಳಿದರೆ ನೆಲ ನೋಡುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಪಾಠದ ನಡುವೆ ಕೊನೆಯ ಬೆಂಚಿನ ಹುಡುಗಿಯೊಬ್ಬಳ ಕೈಯಿಂದ ದಪ್ಪನೆಯ ಮಾಂತ್ರಿಕ ಕಾದಂಬರಿಯೊಂದನ್ನು ಕಿತ್ತುಕೊಂಡೆ. ಬಾಡಿಗೆ ಪುಸ್ತಕದಂಗಡಿಯದು, ಊರಿನ ಹುಡುಗರೆಲ್ಲ ಓದಿ ರಟ್ಟು ಕಳಚಿತ್ತು. ಸ್ಟಾಫ್ ರೂಮಿನಲ್ಲಿ ಸುಮ್ಮನೆ ತೆರೆದವಳು, ಚಿಕ್ಕಬಳ್ಳಾಪುರದ ಮನೆಗೆ ಹೋಗುವ ಬಸ್ಸಿನಲ್ಲೂ ಮುಚ್ಚಲಿಲ್ಲ. ಅದರಲ್ಲೊಂದು ಕಾಡು. ಅಲ್ಲಿನ ಜನ ಕೀಳುವ ಮಂತ್ರದ ಹಣ್ಣಿಗೆ ಸೂರ್ಯ ಮುಳುಗುವವರೆಗೆ ಮಾತ್ರ ಶಕ್ತಿ. ಕೊಳ್ಳುವವನು ಒಬ್ಬನೇ ಮಾಂತ್ರಿಕ. ಅವನು ಬೆಳಿಗ್ಗೆ ಬೆಲೆ ಹೇಳುವುದಿಲ್ಲ, ಬಿಸಿಲು ಇಳಿಯಲಿ ಎಂದು ಕಾಯುತ್ತಾನೆ. ರಾಜ ಎಲ್ಲ ಗೊತ್ತಿದ್ದೂ ಸುಮ್ಮನಿರುತ್ತಾನೆ.

ಮಾರನೆಯ ದಿನ ಗೈಡು ಮುಚ್ಚಿಟ್ಟು ಆ ಅಧ್ಯಾಯವನ್ನೇ ಓದಿದೆ. ಬೆಲೆ ಯಾರ ಕೈಯಲ್ಲಿದೆ, ರಾಜ ಯಾಕೆ ಬಾಯಿ ಬಿಡುವುದಿಲ್ಲ ಎಂದು ಕೇಳಿದೆ. ಹಿಪ್ಪುನೇರಳೆ ತೋಟದ ಮನೆಯ ಹುಡುಗನೊಬ್ಬ ಎದ್ದು ನಿಂತ.

"ಮೇಡಂ, ಇದು ನಮ್ ರೇಷ್ಮೆ ಗೂಡಿನ ಕಥೇನೇ! ಇನ್ನೊಂದ್ ನಾಕ್ ದಿನ ಇಟ್ಕೊಂಡ್ರೆ ಚಿಟ್ಟೆ ತೂತ್ ಮಾಡ್ಕೊಂಡ್ ಬಂದ್ಬಿಡುತ್ತೆ, ಆಮೇಲೆ ನೂಲೇ ಬರಲ್ಲ. ಅದಕ್ಕೇ ನೂಲ್ ತೆಗ್ಸೋ ರೀಲರುಗಳು ಹೇಳಿದ್ದೇ ರೇಟು. ಇವಳಪ್ಪಾನೇ ಮಾಂತ್ರಿಕ!"

ಅವನು ಬೆರಳು ತೋರಿಸಿದ್ದು ಆ ಕಾದಂಬರಿಯ ಹುಡುಗಿಗೇ. ಅವಳ ಅಪ್ಪ ಮಾರುಕಟ್ಟೆಯಲ್ಲಿ ಗೂಡು ಕೊಂಡು ಮನೆಯಲ್ಲೇ ನೂಲು ತೆಗೆಸುವವರು. ಎಲ್ಲರೂ ನಕ್ಕರು. ಅವಳು ಕಣ್ಣು ತುಂಬಿಕೊಂಡೇ ಎದ್ದಳು, ಆದರೆ ಮಾತು ನಡುಗಲಿಲ್ಲ.

"ನಮ್ಮಬ್ಬಾ ಮಾಂತ್ರಿಕ ಅಲ್ಲ ಮೇಡಂ. ಸಾಯಂಕಾಲದೊಳಗೆ ನೂಲು ಮಾರಿದ್ರೇನೇ ಬೆಳಿಗ್ಗೆ ಗೂಡು ತಗೊಳಕ್ಕಾಗೋದು. ನೂಲು ತಗೊಳೋ ಸಾಹುಕಾರ್ರು ಅದನ್ನ ನೋಡ್ಕೊಂಡೇ ಕಾಯ್ತಾರೆ. ನೂಲು ಕೆಡಲ್ಲ ಮೇಡಂ, ಆದ್ರೂ ಕೆಡೋ ಹಣ್ಣಿನ್ ತರಾನೇ ಮಾರ್ಬೇಕು."

ಬೇಗ ಕೆಡುವ ಸರಕಿನ ಬಗ್ಗೆ ನಾನು ಎಂ.ಎ. ಓದುವಾಗಲೂ ಇಷ್ಟು ಯೋಚಿಸಿರಲಿಲ್ಲ. ಖುಷಿಯಲ್ಲಿ, "ಪರೀಕ್ಷೇಲೂ ಹಿಂಗೇ ಬರಿಯಮ್ಮ," ಎಂದುಬಿಟ್ಟೆ. ಒಂದೇ ಸಲಕ್ಕೆ ಪಾಸಾದರೆ ಚಿಂತಾಮಣಿಗೆ ಡಿಗ್ರಿಗೆ ಕಳಿಸುತ್ತೇನೆ, ಇಲ್ಲವಾದರೆ ಮನೆಯ ನೂಲಿನ ಮಷಿನ್ನಿಗೆ ಕೂರಲಿ, ಅಲ್ಲಿ ಕೈ ಸಾಲುತ್ತಿಲ್ಲ ಎಂದು ಅವಳ ಅಪ್ಪ ಹೇಳಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ.

ಪರೀಕ್ಷೆಯಲ್ಲಿ ಬೇಗ ಕೆಡುವ ಸರಕಿನ ಬೆಲೆಯನ್ನು ಉದಾಹರಣೆಯೊಂದಿಗೆ ವಿವರಿಸಿ ಎಂಬ ಪ್ರಶ್ನೆಯೇ ಬಂತು. ಅವಳು ಹಣ್ಣು, ಗೂಡು, ನೂಲು ಮೂರನ್ನೂ ಬರೆದಳು. ಫಲಿತಾಂಶ ಬಂದಾಗ ಅರ್ಥಶಾಸ್ತ್ರದಲ್ಲಿ ಮೂರು ಅಂಕಕ್ಕೆ ಫೇಲು. ಹಟ ಹಿಡಿದು ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿದೆ. ಎರಡು ಪುಟದ ಆ ಉತ್ತರದ ಮೇಲೆ ಅಡ್ಡಡ್ಡ ಗೀರು, ಪಕ್ಕದಲ್ಲಿ ಸೊನ್ನೆ, ಅದರ ಕೆಳಗೆ 'ಕಥೆ' ಎಂಬ ಒಂದು ಮಾತು. ಓದಿದ್ದರೆ ಕೈ ಬರುತ್ತಿತ್ತೇ ಹಾಗೆ ಗೀರಲು? ಯಾವ ಪುಣ್ಯಾತ್ಮನೋ, ಮೊದಲ ಸಾಲಿನಲ್ಲಿ ಮಾಂತ್ರಿಕನನ್ನು ಕಂಡು ಅಲ್ಲೇ ನಿಂತುಬಿಟ್ಟಿದ್ದ.

ಪ್ರಿನ್ಸಿಪಾಲರ ಮೇಜಿನ ಮೇಲೆ ಅದನ್ನು ಬಡಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಅವ್ರು ಮಾಡಿರೋದು ಸರೀನೇ ಇದೆ ಕಣ್ರೀ ಮೇಡಂ. ಮಾದರಿ ಉತ್ತರದಲ್ಲಿ ಉದಾಹರಣೆಗೆ ಮೀನು ಅಂತಿದೆ. ಮೀನು ಬರೆದಿದ್ರೆ ಕೊಡ್ತಿದ್ರು. ಕಥೆ ಹೇಳಕ್ಕೆ ಕನ್ನಡ ಮೇಷ್ಟ್ರಿಲ್ವಾ?"

ಸಮುದ್ರವನ್ನೇ ಕಾಣದ ತಾಲ್ಲೂಕಿನ ಮಕ್ಕಳು ಸಮುದ್ರದ ಮೀನು ಬರೆಯಬೇಕಂತೆ. ಮನೆಯೊಳಗೆ ಕುದಿಯುವ ಗೂಡು ಬರೆಯಬಾರದಂತೆ! ನಾನು ಕೂಗಾಡಿದ್ದು ಆಫೀಸಿನವರೆಲ್ಲ ಕೇಳಿಸಿಕೊಂಡರು. ಮರುಮೌಲ್ಯಮಾಪನಕ್ಕೂ ಹಾಕಿದೆವು. ಸೊನ್ನೆ ಸೊನ್ನೆಯಾಗಿಯೇ ವಾಪಸು ಬಂತು.

ಕೊನೆಗೆ ಅವಳ ಮನೆಗೆ ಹೋದೆ. ಬೇಯುವ ಗೂಡಿನ ವಾಸನೆಯ ಮಧ್ಯೆ ಅವಳ ಅಪ್ಪ ನನಗೆ ಸ್ಟೂಲು ಹಾಕಿಸಿದರು.

"ನೀವ್ ಹೇಳಿದ್ದಕ್ಕೇ ಹಂಗ್ ಬರೆದ್ಲಂತೆ, ನಿಜಾನಾ ಮೇಡಂ?"

"ಹೌದು ಸಾಹೇಬ್ರೇ."

"ಬರೆದಿದ್ರಲ್ಲಿ ತಪ್ಪಿತ್ತಾ?"

"ಒಂದಕ್ಷರ ತಪ್ಪಿರಲಿಲ್ಲ."

"ಹಂಗಾದ್ರೆ ಫೇಲ್ ಯಾಕೆ?"

ನಾನು ಜೆರಾಕ್ಸ್ ಬಿಚ್ಚಿ 'ಕಥೆ' ಎಂಬ ಆ ಮಾತನ್ನು ತೋರಿಸಿದೆ. ಅವರು ದೊಡ್ಡ ಮನಸ್ಸು ಮಾಡಿ ಪೂರಕ ಪರೀಕ್ಷೆಗೆ ಒಂದು ಅವಕಾಶ ಕೊಟ್ಟರು.

ಅವಳು ಪಾಸಾದಳು, ಚಿಂತಾಮಣಿಯ ಕಾಲೇಜು ಸೇರಿದಳು. ಹುಡುಗಿಯನ್ನು ದಡ ಮುಟ್ಟಿಸಿದಿರಿ ಎಂದು ಎಲ್ಲರೂ ನನ್ನನ್ನು ಹೊಗಳಿದರು. ಆ ಪರೀಕ್ಷೆಗೆ ಮುಂಚೆ ಮೂರು ವಾರ ನಾನೇನು ಮಾಡಿದೆ ಎಂದು ಯಾರೂ ಕೇಳಲಿಲ್ಲ. ಖಾಲಿ ತರಗತಿಯಲ್ಲಿ ಅವಳೆದುರು ಗೈಡು ಹಿಡಿದು ಕೂತು, ಸಾಲು ಸಾಲಾಗಿ ಬಾಯಿಪಾಠ ಮಾಡಿಸಿದೆ. ಎಷ್ಟು ಸಿಟ್ಟಿದ್ದರೇನು, ಮಾಡಿಸಿದವಳು ನಾನೇ. ಒಂದು ಮಧ್ಯಾಹ್ನ ಒಪ್ಪಿಸುತ್ತಾ ಅವಳು ಬಾಯಿತಪ್ಪಿ "ಉದಾಹರಣೆಗೆ, ಗೂಡು" ಎಂದಳು.

"ಮೀನು ಅನ್ನಮ್ಮ," ಎಂದೆ.

"ಮೀನು," ಎಂದಳು.