ಶಾರದಕ್ಕನ ಹೆಪ್ಪು, ನನ್ನ ಕ್ರಿಮಿಸಂಹಾರ

ಎದುರು ಮನೆಯ ಶಾರದಕ್ಕ ಯಾರನ್ನೇ ಮಾತಾಡಿಸಲಿ, ಕೈಯಲ್ಲಿ ಮೊಸರಿನ ಬಟ್ಟಲು ಇರುತ್ತಿತ್ತು. "ಒಂದ್ ಚಮಚಾ ಹೆಪ್ಪು ಒಯ್ರಿ. ನನ್ನ ಮದುವ್ಯಾಗ ನಮ್ಮವ್ವ ಕಲಬುರಗಿಯಿಂದ ಕೊಟ್ಟು ಕಳಿಸಿದ್ದೈತಿ," ಎನ್ನುವರು. ಅವರ ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ತೆಲುಗು ನಾಡಿನ ಕುಷಾಯಿಗೂಡದ ನಮ್ಮ ಕಟ್ಟಡದಲ್ಲಿ ಅರ್ಧ ಮನೆಗಳು ಆ ಅವ್ವನ ಮೊಸರನ್ನೇ ಉಣ್ಣುತ್ತಿದ್ದವು.

ನಾನೋ, ಕೊರೋನಾ ಕಾಲದ ಸ್ವಯಂಘೋಷಿತ ವಿಜ್ಞಾನಿ. ಓದಿದ್ದು ಬಿ.ಕಾಂ. ಅಬಿಡ್ಸ್ ಪೇಟೆಯಿಂದ ಕ್ರಿಮಿನಾಶಕದ ಕ್ಯಾನು ಹೊತ್ತು ತಂದೆ. ನೆಲ ಒರೆಸಿ, ಬಾಗಿಲು ಒರೆಸಿ, ಕೊನೆಗೆ ತೊಳೆದ ಪಾತ್ರೆಗಳನ್ನೂ ಅದರಲ್ಲಿ ಅದ್ದಿ ಹಾಗೇ ಒಣಗಿಸತೊಡಗಿದೆ. ಮತ್ತೆ ನೀರು ಹಾಕಿದರೆ ಔಷಧಿಯ ಶಕ್ತಿ ಹೋಗುತ್ತದಲ್ಲ! ಶಾರದಕ್ಕನಿಗೂ ಒಂದು ಬಾಟಲಿ ತುಂಬಿಸಿ ಕೊಟ್ಟೆ.

"ಸಾಬೂನು ಸಾಲಂಗಿಲ್ಲೇನ್ರಿ ರಾಯರ?"

"ಸಾಬೂನು ಹಳೇ ಕಾಲದ್ದರಿ ಅಕ್ಕಾರ!"

ಅವರೂ ನನ್ನಂತೆಯೇ ಪಾತ್ರೆ ಅದ್ದತೊಡಗಿದರು. ವಾರದೊಳಗೆ ಅವರ ಹಾಲು ಹೆಪ್ಪಾಗುವುದು ನಿಂತಿತು. ಉಳಿದ ಹೆಪ್ಪನ್ನೆಲ್ಲ ಹಾಕಿ ನೋಡಿದರು, ಅದೂ ಕೆಟ್ಟಿತು. "ನಮ್ಮವ್ವಂದು ಅಂತ ಇದೊಂದಾ ಉಳದಿತ್ತರಿ," ಎಂದು ನಮ್ಮ ಬಾಗಿಲಲ್ಲಿ ನಿಂತು ಅತ್ತರು. ನಮ್ಮ ಮನೆಯಲ್ಲೂ ಮೊಸರಾಗದೆ, ನಾನು ಹಾಲಿನವನಿಗೆ ಬೈದು ಬಂದಿದ್ದೆ. ನನ್ನ ಹೆಂಡತಿ ಕ್ಯಾನಿನತ್ತ ಕೈ ತೋರಿಸಿ, "ಹಾಲು ಮೊಸರು ಮಾಡೋವೂ ಕ್ರಿಮಿಗಳಾ ಅಲ್ಲೇನ್ರಿ? ಪಾತ್ರಿಗೆ ಅಂಟಿದ ಈ ಔಷಧ ಅವನ್ನ ಬಿಡತೈತೇನು?" ಎಂದಳು. ವಿಜ್ಞಾನಿ ಮೆಲ್ಲಗೆ ಕ್ಯಾನನ್ನು ಮಂಚದಡಿ ತಳ್ಳಿದ.

ಬಟ್ಟಲು ಹಿಡಿದು ಮೆಟ್ಟಿಲು ಹತ್ತಿದೆ. "ಪೆರುಗು ಉಂದಾ ಅಂಡಿ?" ಎಂದು ತೆಲುಗಿನಲ್ಲಿ ಮನೆಮನೆಗೆ ಮೊಸರು ಕೇಳಿದೆ. ಪರರ ಪಾತ್ರೆ ಮುಟ್ಟಬಾರದೆಂದು ಅವರಿಗೆಲ್ಲ ಉಪದೇಶ ಮಾಡಿದವನು ನಾನೇ ತಾನೆ? ಒಬ್ಬರೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಕೊನೆಯ ಮಹಡಿಯ ಲಕ್ಷ್ಮಿಗಾರು ನನ್ನ ಉಪದೇಶವನ್ನು ಯಾವತ್ತೂ ಕಿವಿಗೆ ಹಾಕಿಕೊಂಡವರಲ್ಲ, ಪುಣ್ಯಾತ್ಗಿತ್ತಿ! ಶಾರದಕ್ಕನಿಂದ ಒಯ್ದ ಹೆಪ್ಪು ಅವರಲ್ಲಿತ್ತು; ಒಂದು ಚಮಚ ಬೇಡಿ ತಂದೆ. ಶಾರದಕ್ಕ ಬೆರಳಲ್ಲಿ ನೆಕ್ಕಿ ನೋಡಿ, "ಹೂಂ, ನಮ್ಮವ್ವಂದಾ," ಎಂದು ಕಣ್ಣೊರೆಸಿಕೊಂಡರು. "ನೀವು ದೂರ ನಿಂದರ್ರಿ ರಾಯರ," ಎಂದೂ ಸೇರಿಸಿದರು.

ಹೋದ ವರ್ಷ ಅವರನ್ನು ಆಸ್ಪತ್ರೆಯಲ್ಲಿ ನೋಡಲು ಹೋದೆ. ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ಸ್ಯಾನಿಟೈಸರ್ ಹಿಡಿದಾಗ, ಶಾರದಕ್ಕ ನೋಡಿಬಿಟ್ಟಾರೆಂದು ಕೈ ಹಿಂದೆ ಸರಿಸಿದೆ.

"ಹಚ್ಕೋರಿ, ಇಲ್ಲಿ ಅದು ಬೇಕು," ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಇನ್ನ ಹೆಪ್ಪು ನಿಮ್ಮ ಮನ್ಯಾಗಿರಲಿ," ಎಂದರು.

"ನನ್ನ ಕೈಯಾಗೇನ್ರಿ ಅಕ್ಕಾರ? ಕೊಂದಾಂವ ನಾನಾ!"

"ಅದಕ್ಕಾ ನಿಮಗ ಕೊಡಾಕತ್ತೀನಿ. ಇನ್ನೊಮ್ಮೆ ಕೊಲ್ಲಂಗಿಲ್ಲ ನೀವು."

ಅವರು ಮನೆಗೆ ಮರಳಲಿಲ್ಲ. ಹದಿಮೂರನೆಯ ದಿನದ ಊಟಕ್ಕೆ ಮೊಸರು ನಮ್ಮ ಮನೆಯಿಂದಲೇ ಹೋಯಿತು. ಅವರ ಮಗಳು ಅನ್ನಕ್ಕೆ ಕಲಸಿ ಒಂದು ತುತ್ತು ಬಾಯಿಗಿಟ್ಟವಳು, "ಅವ್ವನ ಕೈ ರುಚೀನಾ ಐತಿ," ಎಂದು ಎಲೆಯ ಮುಂದೆಯೇ ಅತ್ತುಬಿಟ್ಟಳು.