ಗದ್ದದ ಮಟ್ಟ

ನನ್ನ ತಂಗಿಗೆ ಹಿಮದ ಹುಚ್ಚು ಹಿಡಿದದ್ದು ಬಾಯಾರಿಕೆಯಿಂದ. ಕಿಡ್ನಿ ಕೈಕೊಟ್ಟ ಮೇಲೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ತೀರಾ ತಡೆಯಲಾಗದಿದ್ದರೆ ಒಂದು ತುಂಡು ಐಸು ಚೀಪಬಹುದಿತ್ತು. ಅವಳು ನರಸೀಪುರದಲ್ಲಿ ಬ್ಲೌಸು ಹೊಲಿಯುವ ಅಂಗಡಿ ಇಟ್ಟಿದ್ದಳು. ಎರಡು ಹೊಳೆ ಕೂಡುವ ಊರಿನಲ್ಲಿದ್ದುಕೊಂಡು ಐಸಿನ ತುಂಡಿಗೆ ಬಾಯಿ ಬಿಡುವುದನ್ನು ನೋಡಿದರೆ ನನಗೆ ದೇವರ ಮೇಲೇ ಸಿಟ್ಟು ಬರುತ್ತಿತ್ತು.

ವಾರಕ್ಕೆರಡು ಸಲ ಬಸ್ಸು ಹಿಡಿದು ನಂಜನಗೂಡಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಂಡು, ಆ ದಿನ ನಮ್ಮ ಮನೆಯಲ್ಲಿ ಉಳಿಯುತ್ತಿದ್ದಳು. ನಾನು ಹೆಡತಲೆಯ ಶಾಲೆಯಲ್ಲಿ ಟೀಚರು. ಪಾಠ ಮುಗಿಸಿ ಓಡಿ ಬಂದು ಅವಳ ಪಕ್ಕ ಕೂರುತ್ತಿದ್ದೆ. ಒಂದು ಕೈ ಮೆಷೀನಿಗೆ ಕೊಟ್ಟು ಇನ್ನೊಂದು ಕೈಯಲ್ಲಿ ಫೋನು ಹಿಡಿದು ಅವಳು ನೋಡುತ್ತಿದ್ದದ್ದು ಒಂದೇ: ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಜನ ಹಿಮದ ಬೆಟ್ಟದಿಂದ ಜಾರಿ ಬರುವ ವಿಡಿಯೋ. ಅದಕ್ಕೆ ಸ್ನೋಬೋರ್ಡ್ ಅನ್ನುತ್ತಾರೆಂದು ನನಗೆ ಹೇಳಿಕೊಟ್ಟವಳೂ ಅವಳೇ.

"ಉಸಾರಾದ್ಮೇಲೆ ಇಬ್ರೂ ಓಗಣ ಕಣಕ್ಕ. ಬಿದ್ರೂ ಬಾಯ್ತುಂಬ ಐಸು," ಅನ್ನುತ್ತಿದ್ದಳು.

ಹೋಗುವುದು ಖಾತ್ರಿಯಾದವಳ ಹಾಗೆ ಹಲಗೆಗಳನ್ನೂ ಆರಿಸತೊಡಗಿದಳು. ಹೊಸಬರು ಒಂದಕ್ಕೇ ಅಂಟಿಕೊಳ್ಳಬಾರದಂತೆ, ಬಾಡಿಗೆಗೆ ಎರಡು ಮೂರು ತೆಗೆದುಕೊಂಡು ಹತ್ತಿ ನೋಡಬೇಕಂತೆ. ಗಟ್ಟಿ ಹಲಗೆ ಮಾತ್ರ ಬೇಡವೇ ಬೇಡ. "ಕಾಲರ್‌ಗೆ ಆಕೋ ಗಟ್ಟಿ ಕ್ಯಾನ್ವಾಸು ನನ್ನ ಮಾತೇ ಕೇಳಕಿಲ್ಲ ಒಂದೊಂದ್ಸಲ. ಒಸಬರ ಮಾತು ಎಲ್ ಕೇಳ್ತದೆ? ಬಗ್ಗೋದು ಬೇಕು." ತುದಿ ಎರಡೂ ಒಂದೇ ಥರ ಇರುವುದೊಂದು, ಮುಂದಿನ ಮೂತಿ ಉದ್ದ ಇರುವುದೊಂದು, ಎರಡನ್ನೂ ನೋಡಿಯೇ ಬಿಡೋಣ ಅಂದಳು. ಬಣ್ಣದಲ್ಲಿ ರಾಜಿಯಿಲ್ಲ, ನಿಂಬೆಹಣ್ಣಿನ ಹಳದಿಯೇ ಆಗಬೇಕು. ಮೂವತ್ತಾರು ವರ್ಷದವಳು ಸೀರೆ ಅಂಗಡಿಗೆ ಬಂದ ಮದುಮಗಳ ಹಾಗೆ ಆಡುತ್ತಿದ್ದಳು.

ಇನ್ನು ಉದ್ದ. ಹಲಗೆಯನ್ನು ನೆಟ್ಟಗೆ ನಿಲ್ಲಿಸಿದರೆ ಗದ್ದಕ್ಕೆ ಬರಬೇಕು ಎಂದು ಎಲ್ಲೋ ಕೇಳಿದ್ದಳು. ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕನ್ನು ನನ್ನ ಕೈಗೆ ಕೊಟ್ಟು, ಗದ್ದದ ಮಟ್ಟಕ್ಕೆ ಗೆರೆ ಎಳೆಸಿಕೊಂಡಳು. ಆಮೇಲೆ ತಾನೇ ಟೇಪು ಹಿಡಿದಳು. ಐವತ್ತೊಂದು ಇಂಚು.

ಅಲ್ಲಿಗೆ ಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ತಪ್ಪು ಕಂಡರೆ ಕೆಂಪು ಗೆರೆ ಎಳೆಯದೆ ಇರಲಾಗದ ಕೈ ನನ್ನದು. ಫೋನಿನಲ್ಲಿ ಹುಡುಕಿ ಓದಿದೆ. ಮರುವಾರ ಅವಳು ಮೆಷೀನಿಗೆ ಕೈ ಕೊಟ್ಟು ಮಲಗಿದ್ದಾಗ, "ಎತ್ತರ ಅಲ್ಲ ಕಣೇ, ತೂಕ ನೋಡಿ ಆರಿಸ್ಬೇಕಂತೆ," ಅಂದೆ.

ಡಯಾಲಿಸಿಸ್‌ಗೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಅವಳನ್ನು ತೂಕದ ಮೆಷೀನಿನ ಮೇಲೆ ನಿಲ್ಲಿಸುತ್ತಿದ್ದರು. ಮೈಯಲ್ಲಿ ನಿಂತ ನೀರು ಇಳಿಯಬೇಕು, ಸರಿ. ಆದರೆ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದದ್ದು ನೀರಷ್ಟೇ ಅಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ನಾನು ಫೋನಿನಲ್ಲಿ ಸಿಕ್ಕಿದ ತೂಕದ ಪಟ್ಟಿಯ ಮೇಲೆ ಬೆರಳಿಟ್ಟು, "ನಿನ್ನ ತೂಕಕ್ಕೆ ಮಕ್ಕಳ ಹಲಗೆ ಬರುತ್ತೆ," ಎಂದು ಓದಿ ಹೇಳಿದೆ. ತಮಾಷೆ ಎಂದುಕೊಂಡಿದ್ದೆ.

ಅವಳು ನಗಲಿಲ್ಲ. ಫೋನನ್ನು ದಿಂಬಿನ ಕೆಳಗೆ ಇಟ್ಟಳು.

"ಎತ್ತರವೇ ಇರ್ಲಿ ಬುಡಕ್ಕ. ಅದೊಂದು ಇಳಿಯಕಿಲ್ಲ."

ಆಮೇಲೆ ಅವಳು ಹಲಗೆಯ ಮಾತೆತ್ತಲಿಲ್ಲ. ಕ್ಷಮಿಸು ಅನ್ನಲು ನನಗೂ ಬಾಯಿ ಬರಲಿಲ್ಲ. ನಾಳೆ ಅಂದರಾಯಿತು, ಮುಂದಿನ ವಾರ ಅಂದರಾಯಿತು ಎಂದುಕೊಂಡೇ ಇದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಹೋಗಿಬಿಟ್ಟಳು. ಮಕ್ಕಳ ಹಲಗೆ ಅಂದ ಆ ಒಂದು ಮಾತು ಇವತ್ತಿಗೂ ನನ್ನನ್ನು ಸುಡುತ್ತದೆ.

ಮುಂದಿನ ಜನವರಿಯಲ್ಲಿ ಶಾಲೆಯ ಟೀಚರುಗಳೆಲ್ಲ ಹಿಮಾಚಲಕ್ಕೆ ಹೊರಟರು. ನಾನೂ ಹೊರಟೆ. ಬಾಗಿಲ ಚೌಕಟ್ಟಿನ ಗೆರೆ ನನ್ನ ಸೆರಗು ತಾಗಿ ತಾಗಿ ಅರ್ಧ ಅಳಿಸಿತ್ತು. ಹೊರಡುವ ಮುಂಚೆ ಅದನ್ನು ಇನ್ನೊಮ್ಮೆ ಅಳೆದು ನೋಡಿ, ಅವಳ ಟೇಪನ್ನು ಬ್ಯಾಗಿಗೆ ಹಾಕಿಕೊಂಡೆ.

ಬೆಟ್ಟದ ಬುಡದಲ್ಲಿ ಹಲಗೆ ಬಾಡಿಗೆಗೆ ಕೊಡುವ ತಗಡಿನ ಅಂಗಡಿಯೊಂದಿತ್ತು. ಜೊತೆಯವರು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ನಾನು ಒಳಗೆ ಹೋದೆ. ಒಂದೊಂದೇ ಹಲಗೆಯನ್ನು ಗೋಡೆಗೆ ಓರೆಯಾಗಿ ನಿಲ್ಲಿಸಿ ನಡು ಒತ್ತಿ ನೋಡಿದೆ, ಬಗ್ಗದ್ದನ್ನು ವಾಪಸ್ಸು ಇಟ್ಟೆ. ಹಳದಿ ಇರಲಿಲ್ಲ. ಕೊನೆಗೆ ಉಳಿದ ಎರಡನ್ನು ಟೇಪಿನಿಂದ ಅಳೆದಾಗ ನೀಲಿಯದು ಐವತ್ತೊಂದು ಇಂಚು ಬಂತು.

"ಇದು ನಿಮಗೆ ತುಂಬಾ ಚಿಕ್ಕದಾಯ್ತು," ಎಂದ ಅಂಗಡಿಯವನು, ಹಿಂದಿಯಲ್ಲಿ.

"ನನಗಲ್ಲ, ನನ್ನ ತಂಗಿಗೆ," ಅಂದೆ.

"ಅವರ ತೂಕ ಎಷ್ಟು?"

ಅವಳು ಕೊನೆಯ ಸಲ ತೂಕದ ಮೆಷೀನಿನ ಮೇಲೆ ನಿಂತಾಗ ಬಂದ ತೂಕ ನನಗೆ ಬಾಯಿಪಾಠವಾಗಿತ್ತು. ಹಲಗೆಯನ್ನು ಎದೆಗೆ ಒತ್ತಿ ಹಿಡಿದುಕೊಂಡೆ.

"ತೂಕ ಬೇಡ ಭಾಯಿ," ಅಂದೆ. "ಎತ್ತರ ನೋಡಿ ಕೊಡಿ."