ಅಜ್ಜಿ ನೀರು ಕುಡಿಯದ ದಿನ

ಅಜ್ಜ ಅಜ್ಜಿಯರ ಜಗಳ ಕೇಳುತ್ತಾ ಕಣ್ಣುಬಿಟ್ಟವರು ನಿಮ್ಮಲ್ಲೂ ಇರಬಹುದು. ನಾನು ಚಿಕ್ಕವಳಿದ್ದಾಗ ಶಿವಮೊಗ್ಗದ ಪಕ್ಕದ ಮಲವಗೊಪ್ಪದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಹಾಗೆ. ಮೊದಲು ವಿಭೂತಿಯ ವಾಸನೆ, ಆಮೇಲೆ ಕಾಫಿಯ ವಾಸನೆ, ಅದರ ಹಿಂದೆಯೇ ಅಜ್ಜನ ಮಾತು.

ಅಜ್ಜಿ ಸ್ನಾನ ಮಾಡಿ ಬಂದು, ಕೊರಳಲ್ಲಿ ಕಟ್ಟಿಕೊಂಡಿದ್ದ ಇಷ್ಟಲಿಂಗವನ್ನು ಬಿಚ್ಚಿ ಎಡ ಅಂಗೈ ಮೇಲೆ ಇಟ್ಟುಕೊಳ್ಳುತ್ತಿದ್ದರು. ನಾನು ಕಿತ್ತು ತಂದ ಬಿಲ್ವಪತ್ರೆ ಏರಿಸಿ, ರೆಪ್ಪೆ ಬಡಿಯದೆ ಅದನ್ನೇ ನೋಡುತ್ತಾ ಕೂರುತ್ತಿದ್ದರು. ಪೂಜೆ ಮುಗಿಯದೆ ಒಂದು ಹನಿ ನೀರೂ ಬಾಯಿಗೆ ಹಾಕುವವರಲ್ಲ. ಅಜ್ಜನ ಕೊರಳಲ್ಲೂ ಲಿಂಗವಿತ್ತು, ಪೂಜೆ ಮಾತ್ರ ಇರಲಿಲ್ಲ. ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರು ಪ್ರತಿ ಭಾನುವಾರ ಬಸ್ಸು ಹತ್ತಿ ಶಿವಮೊಗ್ಗದ ಕೋಟೆಗೆ ಹೋಗುತ್ತಿದ್ದರು. ಅಲ್ಲಿ ಒಬ್ಬ ಮೇಷ್ಟ್ರು ವೇದಾಂತ ಹೇಳುತ್ತಿದ್ದರು. ಕೇಳಿ ಬಂದದ್ದನ್ನು ಅಜ್ಜ ವಾರವಿಡೀ ಅಜ್ಜಿಯ ಮೇಲೆ ಪ್ರಯೋಗ ಮಾಡುತ್ತಿದ್ದರು.

“ನೋಡೋದೂ ಅದೇ, ನೋಡಿಸ್ಕೊಳ್ಳೋದೂ ಅದೇ. ಇರೋದೇ ಒಂದು. ಮತ್ತೆ ಯಾರಿಗೆ ಯಾರು ಪೂಜೆ ಮಾಡೋದು ಮಾರಾಯ್ತಿ?”

“ಒಂದೇ ಅಂತ ನಂಗೂ ಗೊತ್ತಿದೆ ಬಿಡಿ. ನಿಮಗೆ ಬಾಯಲ್ಲಿ ಗೊತ್ತು, ನಂಗೆ ಕೈಯಲ್ಲಿ ಗೊತ್ತು. ಕಾಫಿ ಆರುತ್ತೆ, ಕುಡೀರಿ.”

ಅಜ್ಜ ಗಹಗಹಿಸಿ ನಗುತ್ತಿದ್ದರು. ನಾನು ಅಜ್ಜನ ಪಕ್ಷ. ಒಂಬತ್ತು ವರ್ಷದ ನನಗೆ ಭಕ್ತಿಯೂ ತಿಳಿಯದು, ಜ್ಞಾನವೂ ತಿಳಿಯದು. ಆದರೆ ಅಜ್ಜನ ಪಾಠ ಒಪ್ಪಿಸಿದರೆ ಭಾನುವಾರ ಕೋಟೆಯಿಂದ ಖಾರ ಮಂಡಕ್ಕಿಯ ಪೊಟ್ಟಣ ಬರುತ್ತಿತ್ತು.

ಆ ಬೇಸಿಗೆ ರಜೆಯಲ್ಲಿ ಒಂದು ದಿನ ಅಜ್ಜ ಅಂದರು, “ಆ ಲಿಂಗ ಇಲ್ಲದಿದ್ರೆ ನಿಮ್ಮಜ್ಜಿ ಒಳಗೆ ನೋಡ್ಕೋತಾಳೆ ಪುಟ್ಟಿ. ಅಲ್ಲೇ ಇದೆ ಅಂತ ಆಗ ಗೊತ್ತಾಗುತ್ತೆ.”

ಆಡಿದ ಮಾತನ್ನು ಅವರು ಅಲ್ಲೇ ಮರೆತರು. ನಾನು ಮರೆಯಲಿಲ್ಲ.

ಮರುದಿನ ಅಜ್ಜಿ ಲಿಂಗ ಬಿಚ್ಚಿ ತಟ್ಟೆಯಲ್ಲಿಟ್ಟಿದ್ದರು. ಒಲೆಯ ಮೇಲೆ ಹಾಲು ಉಕ್ಕಿ ಸುಟ್ಟ ವಾಸನೆ ಬಂತು. ಅಮ್ಮ, ಅಪ್ಪ ಕೆಲಸಕ್ಕೆ ಹೋಗಿದ್ದರಿಂದ ಅಜ್ಜಿಯೇ ಓಡಿದರು. ಅಷ್ಟರಲ್ಲಿ ನಾನು ಲಿಂಗವನ್ನು ಎತ್ತಿ ಸಂಡಿಗೆಯ ಡಬ್ಬದೊಳಗೆ ಹುಗಿದು, ಹಿತ್ತಲಿನಲ್ಲಿ ಕುಂಟೆಬಿಲ್ಲೆ ಆಡಲು ಹೋದೆ. ಅಜ್ಜಿ ಕಣ್ಣು ಮುಚ್ಚಿ ಒಳಗೆ ನೋಡಿಕೊಳ್ಳುತ್ತಾರೆ, ಆಮೇಲೆ ಅಜ್ಜ ಗೆಲ್ಲುತ್ತಾರೆ ಎಂದುಕೊಂಡಿದ್ದೆ.

ಅಜ್ಜಿ ಒಳಗೆ ನೋಡಿಕೊಳ್ಳಲಿಲ್ಲ. ಮಂಚದ ಕೆಳಗೆ, ಹೂವಿನ ಬುಟ್ಟಿಯಲ್ಲಿ, ಬಚ್ಚಲಿನಲ್ಲಿ ಹುಡುಕಿದರು. ಅಜ್ಜನೂ ಜೊತೆಗೆ ಹುಡುಕಿದರು. ಹನ್ನೊಂದು ಗಂಟೆಗೆ ಅಜ್ಜಿ ಗೋಡೆಗೆ ಒರಗಿ ಕೂತುಬಿಟ್ಟರು. ಅವರಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನಬೇಕು, ಗುಳಿಗೆ ನುಂಗಬೇಕು. ಅಜ್ಜ ಗಂಜಿ ತಂದು ಮುಂದೆ ಕೂತರು.

“ಲಿಂಗ ನಿನ್ನೊಳಗೇ ಇದೆಯಲ್ಲ, ಎಲ್ಲಿಗೆ ಹೋಗುತ್ತೆ? ಒಂದು ಗುಟುಕು ಕುಡಿ.”

“ಒಳಗಿದೆ. ಒಳಗಿರೋದು ಊಟ ಕೇಳ್ತಾ ಇಲ್ಲ.”

ಅಜ್ಜ ಗಂಜಿ ಮುಚ್ಚಿಟ್ಟು, ಇನ್ನೊಮ್ಮೆ ಮಂಚದ ಕೆಳಗೆ ಬಗ್ಗಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಅಜ್ಜಿಯ ಕೈ ನಡುಗತೊಡಗಿತು, ಹಣೆಯ ವಿಭೂತಿ ಬೆವರಿಗೆ ಇಳಿಯಿತು. ನಾನು ಅಡುಗೆಮನೆಗೆ ಓಡಿ ಡಬ್ಬ ತಬ್ಬಿಕೊಂಡು ಅತ್ತೆ. ಹಿಂದೆ ಬಂದ ಅಜ್ಜ ನನ್ನನ್ನೂ ಡಬ್ಬವನ್ನೂ ನೋಡಿದರು. ಬೈಯಲಿಲ್ಲ. ನನ್ನ ಬಾಯಿ ಮೇಲೆ ಕೈಯಿಟ್ಟು, ಲಿಂಗ ತೆಗೆದುಕೊಂಡು ಒಳಗೆ ಹೋದರು.

“ನಾನೇ ಎತ್ತಿಟ್ಟಿದ್ದೆ ಕಣೇ. ನೀನೇನು ಮಾಡ್ತೀಯ ನೋಡೋಣ ಅಂತ.”

ಅಜ್ಜಿ ಲಿಂಗವನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು.

“ಬೆಳಿಗ್ಗೆಯಿಂದ ನಾನು ಹುಡುಕ್ತಿದ್ದಾಗ ನೀವೂ ಹುಡುಕಿದ್ರಲ್ಲ. ಅದೂ ನಾಟಕಾನಾ?”

ಅಜ್ಜಿ ಎದ್ದು ಮತ್ತೆ ಸ್ನಾನ ಮಾಡಿ, ಪೂಜೆ ಮುಗಿಸಿ, ನಾಲ್ಕು ಗಂಟೆಗೆ ನೀರು ಕುಡಿದರು.

ಸಂಜೆ ಹಿತ್ತಲಲ್ಲಿ ನಾನು, “ಅಜ್ಜಿಗೆ ನಿಜ ಹೇಳ್ತೀನಿ ಅಜ್ಜಾ” ಅಂದೆ.

“ಬೇಡ. ನಾಳೆ ನಿನ್ನ ಕೈಯಿಂದ ಅವಳು ಪತ್ರೆ ಇಸ್ಕೋಬೇಕಲ್ಲ? ನೀನು ತೆಗೆದ್ರೇನು, ನಾನು ತೆಗೆದ್ರೇನು, ಎರಡಲ್ಲ ಬಿಡು. ಆ ಮಾತು ನಿನ್ನ ಕಿವಿಗೆ ಹಾಕಿದವನೂ ನಾನೇ.” ಒಂದೆಂದು ಹೇಳುವಾಗ ಸದಾ ಇರುತ್ತಿದ್ದ ನಗು ಆವತ್ತು ಅವರ ಮುಖದಲ್ಲಿ ಇರಲಿಲ್ಲ.

ಮರುದಿನದಿಂದ ಅಜ್ಜಿ ಕಾಫಿ ತಂದಿಟ್ಟು ಸುಮ್ಮನೆ ಒಳಗೆ ಹೋಗತೊಡಗಿದರು. ಬಿಸಿನೀರು, ಊಟ, ಔಷಧಿ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಆದರೆ ದೇವರ ಸುದ್ದಿ ಇಬ್ಬರ ನಡುವೆ ಮತ್ತೆ ಬರಲಿಲ್ಲ. ಅಜ್ಜ ಕೋಟೆಗೆ ಹೋಗುವುದನ್ನೂ ಬಿಟ್ಟರು, ಕೇಳಿದವರಿಗೆ ಮಂಡಿನೋವು ಅಂದರು. ನಾನು ದಿನಾ ಪತ್ರೆ ಕಿತ್ತು ಕೊಟ್ಟೆ, ಅಜ್ಜಿ ದಿನಾ ನನ್ನ ತಲೆ ಸವರಿದರು. ಆ ಪ್ರೀತಿ ಬಿಟ್ಟುಕೊಡುವ ಧೈರ್ಯ ನನಗಿರಲಿಲ್ಲ. ಹೀಗೆ ಎಂಟು ವರ್ಷ ಹೋಯಿತು. ಹೇಡಿತನಕ್ಕೆ ಬೇರೆ ಹೆಸರಿಡಲು ನನಗೆ ಇಷ್ಟವಿಲ್ಲ.

ನಾನು ಪಿಯುಸಿಯಲ್ಲಿದ್ದಾಗ ಅಜ್ಜ ತೀರಿಕೊಂಡರು. ಅವರ ಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು ಮಣ್ಣು ಮಾಡಿದರು. ಬಂದ ನೆಂಟರೆಲ್ಲ ಹೋದ ಮೇಲೆ, ಅಕ್ಕಿ ಆರಿಸುತ್ತಾ ಕೂತಿದ್ದ ಅಜ್ಜಿಗೆ ಎಲ್ಲ ಹೇಳಿದೆ. ಮೊರದ ಮೇಲಿನ ಕೈ ನಿಂತಿತು. ಬೈದಿದ್ದರೆ ಚೆನ್ನಾಗಿತ್ತು.

“ಅವರಿದ್ದಾಗ ಹೇಳಬಾರದಿತ್ತಾ ಪುಟ್ಟಿ?” ಅಂದರು. “ಅವರ ಜೊತೆ ಜಗಳ ಆಡೋದು ಇನ್ನೂ ಎಷ್ಟೊಂದು ಇತ್ತು.”

ಆಮೇಲೆ ಅಜ್ಜಿ ಮೂರು ವರ್ಷ ಇದ್ದರು. ಪೂಜೆ ಮುಗಿದ ಮೇಲೂ ಲಿಂಗವನ್ನು ಅಂಗೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಕೂರುತ್ತಿದ್ದರು. ಯಾರಾದರೂ ಏನಾದರೂ ಅನ್ನಲಿ ಎಂದು ಕಾದಂತೆ. ಅಜ್ಜನ ಮಾತನ್ನು ನಾನಾದರೂ ಆಡಬಹುದಿತ್ತು, ಬಾಯಿ ಬರಲಿಲ್ಲ.

ಈಗ ನಾನೂ ಅಷ್ಟಿಷ್ಟು ಓದಿದ್ದೇನೆ. ಯಾರಾದರೂ ಕೇಳಿದರೆ ಇರುವುದು ಒಂದೇ ಎಂದು ವಿವರಿಸಿ ಹೇಳಬಲ್ಲೆ. ಬೆಳಗ್ಗೆ ಕಾಫಿ ಹಿಡಿದು ಕೂತಾಗ, ಹೌದು ಎನ್ನಲಿಕ್ಕೂ ಅಲ್ಲ ಎನ್ನಲಿಕ್ಕೂ ಮನೆಯಲ್ಲಿ ಯಾರೂ ಇಲ್ಲ.